ಮಾವನ ಹೊಸ ಮುಳ್ಳು

ನಮ್ಮ ಸೋದರಮಾವನಿಗೆ ಸಂಗೀತವೆಂದರೆ ಪ್ರಾಣ ಎಂದು ಯಾರಾದರೂ ನಿಮಗೆ ಹೇಳಿದರೆ ದಯವಿಟ್ಟು ನಂಬಬೇಡಿ. ಅವರ ಪ್ರಾಣವಿರುವುದು ಸಂಗೀತದಲ್ಲಲ್ಲ, ರೆಕಾರ್ಡ್ ಪ್ಲೇಯರಿನ ಮುಳ್ಳಿನಲ್ಲಿ. ಒಳ್ಳೆಯ ಹಾಡೊಂದು ಮುಗಿದ ಮೇಲೆ "ಹೇಗಿತ್ತು ಮಾವ?" ಎಂದು ಕೇಳಿ ನೋಡಿ. "ಮುಳ್ಳು ಚೆನ್ನಾಗಿ ಕೂತಿದೆ" ಎನ್ನುತ್ತಾರೆ. ಮದುವೆ ಊಟ ಹೇಗಿತ್ತು ಎಂದು ಕೇಳಿದರೆ ಎಲೆ ಚೆನ್ನಾಗಿ ಹಾಸಿದ್ದರು ಎಂದ ಹಾಗೆ!

ಮಾವ ಮತ್ತು ಅತ್ತೆ ರಿಚರ್ಡ್ಸ್ ಟೌನಿನ ಹಳೆಯ ಬಂಗಲೆಯೊಂದರ ಹಿಂಭಾಗದಲ್ಲಿ ಬಹಳ ವರ್ಷಗಳಿಂದ ಬಾಡಿಗೆಗಿದ್ದಾರೆ. ಮಕ್ಕಳಿಲ್ಲ. ನಾನು ಪಕ್ಕದ ಕಮ್ಮನಹಳ್ಳಿಯಲ್ಲೇ ಇರುವುದರಿಂದ ಭಾನುವಾರದ ತಿಂಡಿ ನನಗೆ ಅಲ್ಲೇ. ಅವರ ಮುಂದಿನ ಕೋಣೆಗೆ ಮರದ ನೆಲ. ಬ್ರಿಟಿಷರ ಕಾಲದ ಹಲಗೆಗಳು, ಬೆಕ್ಕು ನಡೆದರೂ ಒಂದು ಹಲಗೆ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುತ್ತದೆ. ಆ ನೆಲದ ಮೇಲೆ ತೇಗದ ಮೇಜು, ಮೇಜಿನ ಮೇಲೆ ಮಾವ ಕಾರ್ಖಾನೆ ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೊಂಡ ರೆಕಾರ್ಡ್ ಪ್ಲೇಯರ್. ಯಾರಾದರೂ ಹೆಜ್ಜೆಯಿಟ್ಟರೆ ಹಲಗೆ ಅಲುಗಿ, ಮೇಜು ಅಲುಗಿ, ಮುಳ್ಳು ಹಾಡಿನ ಪ್ಲೇಟಿನ ಮೇಲೆ ನೆಗೆಯುತ್ತಿತ್ತು. ಆದ್ದರಿಂದ ಪ್ಲೇಟು ತಿರುಗುವಾಗ ಆ ಮನೆಯಲ್ಲಿ ಯಾರೂ ನಡೆಯಕೂಡದು. ನಡೆಯಲೇಬೇಕೆಂದರೆ ಅದಕ್ಕೊಂದು ಪ್ರತ್ಯೇಕ ನಡಿಗೆಯೇ ಇತ್ತು. ಚಪ್ಪಲಿ ಬಿಟ್ಟು, ಗೋಡೆಗೆ ಒತ್ತಿಕೊಂಡು, ಮೊದಲು ಬೆರಳು ಊರಿ, ಆಮೇಲೆ ಹಿಮ್ಮಡಿ ಊರಿ, ಉಸಿರು ಬಿಗಿಹಿಡಿದು ಬರಬೇಕು. ಕೈಯಲ್ಲಿ ಬಿಸಿ ಕಾಫಿ ಹಿಡಿದು ಅತ್ತೆ ಹಾಗೆ ಬರುವುದನ್ನು ನೋಡಿದರೆ ಕಳ್ಳರೂ ಶಿಷ್ಯರಾಗಿ ಸೇರಿಕೊಳ್ಳುತ್ತಿದ್ದರು.

ಒಮ್ಮೆ ಹಲಸೂರಿನಿಂದ ಮಾವನ ಕಾರ್ಖಾನೆಯ ಗೆಳೆಯರೊಬ್ಬರು ಮಗಳ ಮದುವೆಗೆ ಕರೆಯಲು ಬಂದರು. ಹೊಸ್ತಿಲು ದಾಟಿ ಒಂದು ಕಾಲು ಒಳಗಿಟ್ಟಿದ್ದರಷ್ಟೆ, ಮಾವ ಕೈ ಎತ್ತಿ "ಅಲ್ಲೇ ನಿಂತ್ಕೊಳ್ಳಿ" ಎಂದರು. ಪಾಪ, ಆ ಮನುಷ್ಯ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ, ಕೈಯಲ್ಲಿ ಲಗ್ನಪತ್ರಿಕೆ ಹಿಡಿದು ಹಾಡು ಮುಗಿಯುವವರೆಗೂ ನಿಂತರು. ಮುಗಿದ ಮೇಲೆ ಮಾವ, "ಈಗ ಬನ್ನಿ. ಇನ್ನೊಂದು ಕಡೆ ಹಾಕೋದ್ರೊಳಗೆ ಕೂತ್ಬಿಡಿ" ಎಂದರು. ಮದುವೆಯ ದಿನ ಆ ಗೆಳೆಯರು ಊಟದ ಮನೆಯ ಬಾಗಿಲಲ್ಲಿ ಮಾವನನ್ನು ತಡೆದು "ಸ್ವಲ್ಪ ಅಲ್ಲೇ ನಿಂತ್ಕೊಳ್ಳಿ" ಎಂದು ಸೇಡು ತೀರಿಸಿಕೊಂಡರು. ಅದಕ್ಕೆ ಮಾವನಿಗೆ ಬೇಜಾರಾಗಲಿಲ್ಲ. ಬೇಜಾರಾದದ್ದು ಅದೇ ಮದುವೆಯಲ್ಲಿ ನಡೆದ ಇನ್ನೊಂದು ಸಂಗತಿಯಿಂದ. ಅದನ್ನು ಹೇಳಬೇಕಾದರೆ ಅತ್ತೆಯ ಹಾಡಿನ ವಿಷಯ ಮೊದಲು ಹೇಳಬೇಕು.

ಅತ್ತೆಗೆ ಬಹಳ ಇಷ್ಟವಾದ ಪ್ಲೇಟು ಒಂದಿತ್ತು. ಚಿಕ್ಕದು, ಒಂದು ಕಡೆಗೆ ಒಂದೇ ಹಾಡು. ಅಂಥ ಹೆಸರಾದ ಹಾಡೇನಲ್ಲ. ಹೆಂಗಸೊಬ್ಬಳು ದೀಪ ಹಚ್ಚಿಟ್ಟು ತನ್ನವನ ದಾರಿ ನೋಡುತ್ತಾಳೆ, ಕೊನೆಗೆ ಅವನು ಬಂದು ಬಾಗಿಲು ತಟ್ಟುತ್ತಾನೆ. ಆ ಪ್ಲೇಟಿನ ಮೇಲೆ ಒಂದು ಆಳವಾದ ಗೀರು. ಮದುವೆಯಾದ ಹೊಸತರಲ್ಲಿ ಇಬ್ಬರೂ ಸೇರಿ ಪ್ಲೇಟು ಇಡಲು ಹೋದಾಗ ಆದದ್ದಂತೆ.

"ನಿಮ್ಮ ಉಂಗುರ ತಾಗಿದ್ದು" ಎನ್ನುತ್ತಾರೆ ಅತ್ತೆ.

"ನಿನ್ನ ಬಳೆ ಕಣೇ" ಎನ್ನುತ್ತಾರೆ ಮಾವ.

ಈ ವ್ಯಾಜ್ಯ ಇನ್ನೂ ಇತ್ಯರ್ಥವಾಗಿಲ್ಲ. ದೀಪ ಹಚ್ಚುವ ಸಾಲು ಮುಗಿಯುತ್ತಿದ್ದಂತೆ ಗೀರು ಬರುತ್ತಿತ್ತು, ಮುಳ್ಳು ಟಕ್ಕೆಂದು ಹಾರಿ ನೇರವಾಗಿ ಬಾಗಿಲು ತಟ್ಟುವ ಸಾಲಿಗೆ ಬೀಳುತ್ತಿತ್ತು. ನಡುವೆ ಕಾಯುವ ಎರಡು ಸಾಲುಗಳನ್ನು ಆ ಮನೆಯಲ್ಲಿ ಯಾರೂ ಕೇಳಿದವರಲ್ಲ. ದೀಪ ಹಚ್ಚಿದ ತಕ್ಷಣ ಅವನು ಬಂದುಬಿಡುತ್ತಿದ್ದ. ಅತ್ತೆ ಹಾಡು ಕಲಿತದ್ದೂ ಹಾಗೆಯೇ. ಒಗ್ಗರಣೆ ಹಾಕುವಾಗ, ಬಟ್ಟೆ ಮಡಿಸುವಾಗ, ಚಿಕ್ಕಂದಿನಲ್ಲಿ ನಮ್ಮನ್ನೆಲ್ಲ ಮಲಗಿಸುವಾಗ ಅವರು ಹಾಡುತ್ತಿದ್ದುದು ಅದೇ ಹಾಡು, ಆ ನೆಗೆತದ ಸಮೇತ. ನೆಗೆಯುವ ಕಡೆ ತಲೆಯನ್ನು ಸಣ್ಣಗೆ ಒಮ್ಮೆ ಅಲ್ಲಾಡಿಸುತ್ತಿದ್ದರು. ನಮಗಂತೂ ಅದೂ ಹಾಡಿನ ಭಾಗವೇ ಆಗಿತ್ತು.

ಹಲಸೂರಿನ ಆ ಮದುವೆಯಲ್ಲಿ ಹೆಂಗಸರೆಲ್ಲ ಸೇರಿ ಅತ್ತೆಯನ್ನು ಹಾಡಿಸಿದರು. ಹಾಡು ಮುಗಿಯಿತು. ಬೀಗರ ಕಡೆಯ ಒಬ್ಬಾಕೆ, "ಚೆನ್ನಾಗಿ ಹಾಡ್ತೀರ. ಮಧ್ಯೆ ಎರಡು ಸಾಲು ಮರ್ತುಬಿಟ್ರಲ್ಲ" ಎಂದರು.

"ಮರ್ತಿಲ್ಲ, ನಮ್ಮನೇಲಿ ಅದು ಇರೋದೇ ಹಾಗೆ" ಎಂದರು ಅತ್ತೆ.

ಎಲ್ಲರೂ ನಕ್ಕರು. ಅತ್ತೆಯೂ ನಕ್ಕರು. ಮಾವ ಮಾತ್ರ ನಗಲಿಲ್ಲ. ತನ್ನ ಮುಳ್ಳಿನ ತಪ್ಪಿಗೆ ಹೆಂಡತಿ ನಾಲ್ಕು ಜನರ ಮುಂದೆ ತಲೆ ತಗ್ಗಿಸುವಂತಾಯಿತು ಎಂದು ಅವರಿಗೆ ಅನ್ನಿಸಿಬಿಟ್ಟಿತು. ವಾಪಸ್ಸು ಬರುವಾಗ ಬಸ್ಸಿನಲ್ಲೇ ಮಾತು ಕೊಟ್ಟರು. "ಆ ಎರಡು ಸಾಲನ್ನ ನಿಂಗೆ ಕೇಳಿಸ್ತೀನಿ ನೋಡು. ಹೊಸ ಕಾರ್ಟ್ರಿಡ್ಜ್ ಹಾಕಿಸ್ತೀನಿ. ಗೀರು ಬಂದ್ರೂ ಹಾರಬಾರ್ದು, ಅಂಥದ್ದು."

ಕಾರ್ಟ್ರಿಡ್ಜ್ ಎಂದರೆ ಪ್ಲೇಯರಿನ ತೋಳಿನ ತುದಿಯಲ್ಲಿ ಮುಳ್ಳನ್ನು ಹಿಡಿದುಕೊಂಡಿರುವ ಉಗುರಿನಷ್ಟು ಡಬ್ಬಿ. ನಾವು ನೀವಾಗಿದ್ದರೆ ಅದನ್ನು ತಂದು ಹಾಕಿಕೊಂಡು ಸುಮ್ಮನಾಗುತ್ತಿದ್ದೆವು. ಮಾವ ಸುಮ್ಮನಾಗುವವರೇ? ಮೊದಲ ಆಜ್ಞೆ ಹೊರಟಿತು. ಹಳೆಯ ಮುಳ್ಳು ಪ್ಲೇಟನ್ನು ಸವೆಸುತ್ತಿದೆ, ಹೊಸದು ಬರುವವರೆಗೆ ಯಾರೂ ಪ್ಲೇಟು ಹಾಕಬಾರದು.

"ಹಾಗಂದ್ರೆ ಅಲ್ಲೀವರ್ಗೂ ಹಾಡೇ ಬೇಡ್ವಾ?" ಎಂದರು ಅತ್ತೆ.

"ಸ್ವಲ್ಪ ದಿನ ಕಣೇ."

ಮಾವನ ಸ್ವಲ್ಪ ದಿನದಲ್ಲಿ ನಮ್ಮ ಮನೆಯ ಹೆಣ್ಣುಮಗು ಅಂಬೆಗಾಲಿಟ್ಟಳು, ಶಾಲೆಗೆ ಸೇರಿದಳು, ಮಗ್ಗಿ ಕಲಿತಳು.

ಹೊಸ ಮುಳ್ಳು ಸೂಕ್ಷ್ಮ, ಮೇಜು ಅಲುಗಲೇಬಾರದು ಎಂದು ಯಾರೋ ಹೇಳಿದರು. ಮಾವ ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನ ಕಡೆಯ ಕಲ್ಲಿನ ಅಂಗಡಿಗೆ ಹೋಗಿ ಕರಿಕಲ್ಲಿನ ಚಪ್ಪಡಿಯೊಂದನ್ನು ಪಾಲಿಶ್ ಮಾಡಿಸಿ, ಆಟೋದವನನ್ನು ನಂಬದೆ ತಾವೇ ಬಸ್ಸಿಗೆ ಹತ್ತಿಸಿದರು. ಕಂಡಕ್ಟರ್ ಮಿರುಗುವ ಕಲ್ಲನ್ನು ನೋಡಿ, ದನಿ ತಗ್ಗಿಸಿ, "ಯಾರು ಸಾರ್ ತೀರ್ಕೊಂಡಿದ್ದು?" ಎಂದ.

"ಹಳೇ ಮುಳ್ಳು" ಎಂದರು ಮಾವ.

ಅವನು ಕಲ್ಲಿಗೆ ಟಿಕೆಟ್ ಕೇಳದೆ ಮುಂದಕ್ಕೆ ಹೋದನಂತೆ. ಮೇಜಿನ ಮೇಲೆ ಪ್ಲೇಯರಿನ ಕೆಳಗೆ ಆ ಕಲ್ಲು, ಕಲ್ಲಿನ ಕೆಳಗೆ ರಬ್ಬರು, ರಬ್ಬರಿನ ಕೆಳಗೆ ಮರಳಿನ ಚೀಲ, ಅದರ ಕೆಳಗೆ ಮತ್ತೆ ರಬ್ಬರು. ಒಂದು ಪದರ ಹಾಸಿ ಕೆಲವು ತಿಂಗಳು ಯೋಚಿಸುವುದು, ಮತ್ತೆ ಬಿಚ್ಚುವುದು. ಆಮೇಲೆ ಮುಳ್ಳಿನ ಭಾರದ ಚಿಂತೆ ಹತ್ತಿತು. ಅದು ಪ್ಲೇಟಿನ ಮೇಲೆ ಎಷ್ಟು ಭಾರ ಬಿಡಬೇಕು ಎಂದು ತೂಗಿ ನೋಡಲು ಚಿನ್ನ ತೂಗುವ ತಕ್ಕಡಿಯೇ ಬೇಕು. ಶಿವಾಜಿನಗರದ ಒಡವೆ ಅಂಗಡಿಯಲ್ಲಿ ಮಾವ ದಿನಾ ಹೋಗಿ ಕೂರತೊಡಗಿದರು. ಪಕ್ಕದ ಮನೆಯ ತಮಿಳು ಆಂಟಿ ಗಾಬರಿಯಾಗಿ ಅತ್ತೆಯ ಹತ್ತಿರ ಬಂದು, "ನಿಮ್ ಯಜಮಾನ್ರು ದಿನಾ ಚಿನ್ನದ ಅಂಗಡೀಲಿ ಕೂತಿರ್ತಾರಮ್ಮ, ಬೀರು ಒಂದ್ಸಲ ನೋಡ್ಕೊಳ್ಳಿ" ಎಂದರು.

"ಇರ್ಲಿ ಬಿಡಿ, ಮುಳ್ಳಿಗೆ ಏನೋ ಒಡವೆ ಮಾಡಿಸ್ತಿರ್ಬೇಕು" ಎಂದರು ಅತ್ತೆ.

ನಾನೂ ಸುಮ್ಮನಿರದೆ, ಆ ಹಾಡನ್ನು ಫೋನಿನಲ್ಲಿ ಹುಡುಕಿ ಹಾಕಿಕೊಡುತ್ತೇನೆ ಎಂದೆ. "ಕಾಫಿ ಕೇಳಿದೋರಿಗೆ ಕಾಫಿಪುಡಿ ಫೋಟೋ ತೋರಿಸ್ತೀಯಾ?" ಎಂದು ಮಾವ ನನ್ನ ಬಾಯಿ ಮುಚ್ಚಿಸಿದರು.

ಅತ್ತೆ ಹಬ್ಬ ಬಂದಾಗಲೆಲ್ಲ ಕೇಳುತ್ತಿದ್ದರು. "ರೀ, ಹಳೇದ್ರಲ್ಲೇ ಒಂದ್ಸಲ ಹಾಕ್ರೀ. ಹಾರಿದ್ರೆ ಹಾರ್ಲಿ."

"ಇಷ್ಟು ದಿನ ಕಾದಿದ್ದೀಯ, ಇನ್ನು ಸ್ವಲ್ಪ ಕಾಯಿ. ಪೂರ್ತಿ ಕೇಳೋವಂತೆ."

ಆಮೇಲೆ ಅತ್ತೆ ಕೇಳುವುದನ್ನು ಬಿಟ್ಟರು. ಅಡುಗೆಮನೆಯಲ್ಲಿ ತಾವೇ ಹಾಡಿಕೊಳ್ಳುತ್ತಿದ್ದರು. ಕುಕ್ಕರ್ ಕೂಗುತ್ತಲೇ ಇದ್ದರೂ ಆರಿಸುತ್ತಿರಲಿಲ್ಲ. ಮಾವ ಕರೆದರೆ ತಿರುಗುತ್ತಿರಲಿಲ್ಲ. ಕೇಳಿಸಿಯೂ ಕೇಳಿಸದ ಹಾಗಿರುವುದು ಮದುವೆಯಾದ ಹೆಂಗಸಿನ ಹಕ್ಕು ಎಂದುಕೊಂಡು ನಾವೆಲ್ಲ ನಗುತ್ತಿದ್ದೆವು. ಡಾಕ್ಟರ ಹತ್ತಿರ ಹೋದಾಗಲೇ ಗೊತ್ತಾದದ್ದು, ಕಿವಿ ಬಹುಪಾಲು ಹೋಗಿತ್ತು. ಕಿವಿಗೆ ಹಾಕುವ ಮೆಷಿನ್ ಕೊಟ್ಟರು. ಅದರಲ್ಲಿ ಹತ್ತಿರದ ಮಾತು ಅಷ್ಟಿಷ್ಟು ಕೇಳಿಸುತ್ತದೆ, ಹಾಡು ಮಾತ್ರ ಬಕೆಟ್ಟಿನಲ್ಲಿ ಗೋಲಿ ಅಲುಗಾಡಿಸಿದ ಹಾಗಿರುತ್ತದೆ ಎಂದು ಅತ್ತೆ ಅದನ್ನು ತೆಗೆದು ಮೇಜಿನ ಡ್ರಾಯರಿನಲ್ಲಿಟ್ಟರು.

ಹೊಸ ಕಾರ್ಟ್ರಿಡ್ಜ್ ಬಂದದ್ದು ಅದಾದ ಮೇಲೆ. ನೆನೆದರೆ ಈಗಲೂ ನನಗೆ ಮಾವನ ಮೇಲೆ ಸಿಟ್ಟು ಬರುತ್ತದೆ, ಅಳುವೂ ಬರುತ್ತದೆ.

ಒಂದು ಭಾನುವಾರ ಕಾರ್ಯಕ್ರಮ. ಫ್ಯಾನು ಬಂದ್. ನನ್ನ ಕೈಯಲ್ಲಿ ಟಾರ್ಚು. ಕೂದಲೆಳೆಯಂಥ ಬಣ್ಣದ ತಂತಿಗಳನ್ನು ಮಾವ ಅತ್ತೆಯ ಚಿಮುಟದಲ್ಲಿ ಹಿಡಿದು ಒಂದೊಂದಾಗಿ ಸಿಕ್ಕಿಸಿದರು. "ಸೀನು ಬಂದ್ರೆ ಹೊರಗೆ ಹೋಗಿ ಸೀನು" ಎಂದು ನನಗೆ ಎಚ್ಚರಿಕೆ ಬೇರೆ. ಹಳೆಯ ಮುಳ್ಳು ಬಿಚ್ಚುವಾಗಲೇ ಮುರಿದುಹೋಯಿತು. ಎಲ್ಲ ಮುಗಿದ ಮೇಲೆ ಅತ್ತೆಯನ್ನು ಎದುರಿಗೆ ಕೂರಿಸಿ ಪ್ಲೇಟು ಹಾಕಿದರು.

ಎಂಥ ದನಿ ಅಂತೀರಿ! ಹಾಡುವವಳು ನಮ್ಮ ಪಕ್ಕದಲ್ಲೇ ಕುಳಿತು ಉಸಿರು ತೆಗೆದುಕೊಂಡ ಹಾಗಿತ್ತು. ಅತ್ತೆ ಮೇಜಿನ ಮೇಲೆ ಅಂಗೈ ಊರಿ ನೋಡಿದರು. ಏನೂ ಗೊತ್ತಾಗಲಿಲ್ಲ. ಹೇಗೆ ಗೊತ್ತಾಗಬೇಕು? ಚೂರೂ ಅಲುಗಾಟ ದಾಟದ ಹಾಗೆ ಮಾವ ವರ್ಷಗಟ್ಟಲೆ ಕಲ್ಲು, ಮರಳು ಹಾಸಿದ್ದರಲ್ಲ. ಕೊನೆಗೆ ಪ್ಲೇಟು ತಿರುಗುವುದನ್ನು ನೋಡುತ್ತ ತಾವೇ ಅಂದಾಜಿನಲ್ಲಿ ಹಾಡತೊಡಗಿದರು. ದೀಪ ಹಚ್ಚುವ ಸಾಲು ಬಂತು. ಗೀರು ಬಂತು. ಮುಳ್ಳು ಸಲೀಸಾಗಿ ದಾಟಿತು. "ದಾಟ್ತು ಕಣೇ" ಎಂದು ಮಾವ ಅತ್ತೆಯ ಕಡೆ ತಿರುಗಿದರು. ಅತ್ತೆ ಆಗಲೇ ತಲೆ ಅಲ್ಲಾಡಿಸಿ, ಹಾರಿ, ಬಾಗಿಲು ತಟ್ಟುವಲ್ಲಿಗೆ ಹೋಗಿದ್ದರು. ಹಾಡಿ ಮುಗಿಸಿ ನೋಡಿದರೆ ಮುಳ್ಳು ಇನ್ನೂ ಪ್ಲೇಟಿನ ಮೇಲೆ ಸಾಗುತ್ತಲೇ ಇತ್ತು.

"ಇನ್ನೂ ಆಗ್ತಾ ಇದೆಯಲ್ರೀ. ನಾನು ತಪ್ಪಿದ್ನಾ?" ಎಂದರು. ಮುಖ ಸಣ್ಣಗಾಗಿತ್ತು.

ಮಾವ ಅವರ ಕಿವಿಯ ಹತ್ತಿರ ಬಾಗಿ, "ತಪ್ಪಿಲ್ಲ. ಆ ಎರಡು ಸಾಲು ಬಂತು" ಎಂದರು.

"ಏನಂತೆ ಅದ್ರಲ್ಲಿ?"

"ಅವಳು ಕಾಯ್ತಾಳಂತೆ."

"ಆಂ?"

"ಕಾಯ್ತಾಳಂತೆ, ತುಂಬಾ ಹೊತ್ತು ಕಾಯ್ತಾಳಂತೆ" ಎಂದು ಮಾವ ಕಿರುಚಿದರು. ಪಕ್ಕದ ಮನೆಯ ಆಂಟಿ ಕಿಟಕಿಯಿಂದ ಇಣುಕಿ, "ಯಾರ್ ಸಾರ್ ಕಾಯ್ತಿರೋದು? ಒಳಗೆ ಕರೀರಿ" ಎಂದರು. ನನಗೆ ನಗು ಬಂತು, ಅರ್ಧದಲ್ಲೇ ನಿಂತಿತು.

"ಓ, ಅಷ್ಟೇನಾ" ಎಂದರು ಅತ್ತೆ. ಎದ್ದು ಒಳಗೆ ಹೋದರು. ಅಂದಿನಿಂದ ಅವರು ಹಾಡುವುದನ್ನು ನಿಲ್ಲಿಸಿಬಿಟ್ಟರು. ಅಡುಗೆಮನೆಯಲ್ಲೂ ಇಲ್ಲ, ಬಟ್ಟೆ ಮಡಿಸುವಾಗಲೂ ಇಲ್ಲ. ಕೇಳಿದರೆ, "ಬೇಡಮ್ಮ, ಸರಿಯಾಗಿ ಬರಲ್ಲ ನಂಗೆ" ಎನ್ನುತ್ತಿದ್ದರು.

ಮಾವ ಪ್ಲೇಯರಿನ ಮೇಲೆ ಬಟ್ಟೆ ಮುಚ್ಚಿದರು. ಗೇಟಿನವರೆಗೆ ನನ್ನನ್ನು ಬಿಡಲು ಬಂದಾಗ ಒಂದು ದಿನ ತಾವಾಗಿಯೇ ಹೇಳಿದರು. "ಅವಳ ಕಿವಿ ಚೆನ್ನಾಗಿದ್ದಾಗ ನನ್ನ ಮುಳ್ಳು ಚೆನ್ನಾಗಿಲ್ಲ ಅಂತ ಅಂದ್ಕೊಂಡೆ. ಚೆನ್ನಾಗಿಲ್ಲ ಅಂತ ಅವಳು ಒಂದಿನಾನೂ ಅಂದಿರ್ಲಿಲ್ಲ ಕಣಮ್ಮ." ಆದದ್ದು ಆಗಿಹೋಗಿತ್ತು.

ಕಳೆದ ಭಾನುವಾರ ಹೋದಾಗ ಬಾಗಿಲಲ್ಲೇ ಧಡ್ ಧಡ್ ಎಂಬ ಸದ್ದು ಕೇಳಿಸಿತು. ಆ ಮನೆಯಲ್ಲಿ ಅಂಥ ಸದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಒಳಗೆ ನೋಡಿದರೆ ಪ್ಲೇಯರಿನ ಮೇಲಿನ ಬಟ್ಟೆ ತೆಗೆದಿತ್ತು, ಪ್ಲೇಟು ತಿರುಗುತ್ತಿತ್ತು, ಮಾವ ಪಕ್ಕದಲ್ಲಿ ನಿಂತು ಹಿಮ್ಮಡಿಯಿಂದ ಹಲಗೆಗೆ ಗುದ್ದುತ್ತ ತಾಳ ಹಾಕುತ್ತಿದ್ದರು. ಬೆಕ್ಕನ್ನೂ ನಡೆಯಗೊಡದ ಮನುಷ್ಯ! ಎದುರಿನ ಕುರ್ಚಿಯಲ್ಲಿ ಅತ್ತೆ ಬರಿಗಾಲನ್ನು ಅದೇ ಹಲಗೆಯ ಮೇಲೆ ಊರಿ ಕುಳಿತಿದ್ದರು. ತಾಳ ಅವರ ಕಾಲಿಗೆ ಹತ್ತುತ್ತಿತ್ತು, ಕಲ್ಲು ಮರಳಿನ ಮೇಲಿದ್ದ ಮುಳ್ಳಿಗೆ ಮಾತ್ರ ಮುಟ್ಟುತ್ತಿರಲಿಲ್ಲ. ಮೊದಲು ತುಟಿಯಷ್ಟೇ ಅಲುಗಿತು. ಆಮೇಲೆ ಹಾಡತೊಡಗಿದರು.

ದೀಪ ಹಚ್ಚುವ ಸಾಲು ಬಂತು. ಅತ್ತೆ ತಲೆಯನ್ನು ಸಣ್ಣಗೆ ಅಲ್ಲಾಡಿಸಿದರು. ಅದೇ ಗಳಿಗೆಗೆ ಮಾವ ಬರಿಗೈಯಿಂದ ಮುಳ್ಳನ್ನು ಎತ್ತಿ, ಗೀರು ದಾಟಿಸಿ, ಬಾಗಿಲು ತಟ್ಟುವ ಸಾಲಿನ ಮೇಲಿಟ್ಟರು. ಟಕ್ಕೆಂದಿತು.

"ಮಾವ, ಮುಳ್ಳು" ಎಂದೆ ನಾನು.

"ಇರ್ಲಿ ಬಿಡೇ. ಅವಳನ್ನ ಕಾಯಿಸಿದ್ದು ಸಾಕು" ಎಂದರು ಮಾವ. ಕಾಲಿನ ತಾಳ ನಿಲ್ಲಿಸಲಿಲ್ಲ.

ಅತ್ತೆ ಹಾಡಿ ಮುಗಿಸಿದರು. ಪ್ಲೇಟಿನಲ್ಲೂ ಹಾಡು ಮುಗಿದಿತ್ತು. ಅವರು ಕತ್ತು ಚಾಚಿ ಮುಳ್ಳು ಎಲ್ಲಿದೆ ಎಂದು ನೋಡಿದರು. ಕೊನೆಯಲ್ಲಿತ್ತು. ಮುಖ ಅರಳಿತು.

"ಹೇಗಿತ್ತೇ ಹಾಡು?" ಎಂದು ಮಾವ ಕಿವಿಯ ಹತ್ತಿರ ಬಾಗಿ ಜೋರಾಗಿ ಕೇಳಿದರು.

"ಮುಳ್ಳು ಚೆನ್ನಾಗಿ ಕೂತಿದೆ" ಎಂದರು ಅತ್ತೆ.

ಮಾವ ಅವರ ಮುಖವನ್ನೇ ನೋಡುತ್ತ ನಿಂತರು. ಪ್ಲೇಟು ಸುಮ್ಮನೆ ತಿರುಗುತ್ತಲೇ ಇತ್ತು. ಮುಳ್ಳನ್ನು ಎತ್ತಿಡುವುದು ಅವರಿಗೆ ನೆನಪೇ ಆಗಲಿಲ್ಲ.