ತಾರಸಿಯ ಶಾಂತಿ ಒಕ್ಕೂಟ

ಆ ಕಟ್ಟಡದ ತಾರಸಿಯಲ್ಲಿ ಬಟ್ಟೆ ಒಣಹಾಕುವ ತಂತಿಗಳು ಮೂರು. ನಡುವಿನದಕ್ಕೆ ಬೀಳುವಷ್ಟು ಬಿಸಿಲು ಮರುಭೂಮಿಗೂ ಬೀಳುವುದಿಲ್ಲವೆಂದು ಎದೆ ತಟ್ಟಿ ಹೇಳಬಲ್ಲೆ. ಆ ಒಂದು ತಂತಿಗಾಗಿ ಮೇಲ್ಮನೆಯ ನರ್ಸಮ್ಮನಿಗೂ ಕೆಳಮನೆಯ ನಿವೃತ್ತ ಕಂಡಕ್ಟರಿಗೂ ನಡೆದ ಸಮರ ಎರಡು ಮಹಾಯುದ್ಧಗಳನ್ನು ಗಂಟು ಹಾಕಿದರೂ ಅದಕ್ಕಿಂತ ಉದ್ದ. ಮಡಿದ ಕ್ಲಿಪ್ಪುಗಳಿಗೆ ಲೆಕ್ಕವೇ ಇಲ್ಲ.

ನಡುಮನೆಯ ಇತಿಹಾಸದ ಮೇಷ್ಟ್ರಿಗೆ ಆ ಭಾನುವಾರ ನಾಲ್ಕು ಗಂಟೆಗೆ ಶಾಲೆಯಲ್ಲಿ ಭಾಷಣ. ವಿಷಯ: ಲೋಕಶಾಂತಿಯ ಸಂಸ್ಥೆಗಳು ಹುಟ್ಟಿದ ಬಗೆ. ಮುಖ್ಯೋಪಾಧ್ಯಾಯರು ಮೊದಲೇ ಹೇಳಿದ್ದರು: "ಬಿಳಿ ಅಂಗಿ ಹಾಕ್ಕೊಂಡು ಬಂದ್ರೆ ವೇದಿಕೆ ನಿಮ್ದು. ಇಲ್ದಿದ್ರೆ ಗಣಿತದವರು ಓದ್ತಾರೆ."

ಮೇಷ್ಟ್ರ ಬಳಿ ಇದ್ದದ್ದು ಒಂದೇ ಬಿಳಿ ಅಂಗಿ. ಹೆಂಡತಿ ಬೆಳಿಗ್ಗೆ ಒಗೆದು ನಡುವಿನ ತಂತಿಗೆ ಹಾಕಿದ್ದಳು. ಮಧ್ಯಾಹ್ನ ಹೋಗಿ ನೋಡಿದರೆ, ಅತ್ತ ಕಂಡಕ್ಟರ ಒದ್ದೆ ಕಂಬಳಿ, ಇತ್ತ ನರ್ಸಮ್ಮನ ಹೊದಿಕೆ. ಅಂಗಿ ಬಸ್ಸಿನ ಕೊನೆಯ ಸೀಟಿನಲ್ಲಿ ಇಬ್ಬರು ದಢೂತಿಗಳ ನಡುವೆ ಸಿಕ್ಕ ಬಡಪಾಯಿಯಂತೆ ಮುದುಡಿತ್ತು. ಹಿಂಡಿದ್ದರೆ ಕೆರೆ ತುಂಬುತ್ತಿತ್ತು.

"ಕಂಬಳಿ ತೆಗೀರಿ!" ಎಂದು ನರ್ಸಮ್ಮ.

"ನಿಮ್ಮ ಸರ್ಕಸ್ ಡೇರೆ ಮೊದ್ಲು ಬಿಚ್ಚಿ!" ಎಂದು ಕಂಡಕ್ಟರು.

ಮೇಷ್ಟ್ರಿಗೆ ಸ್ಫೂರ್ತಿ ಬಂತು. ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಂತು ಭಾಷಣದ ಮೊದಲ ಪುಟ ಬಿಚ್ಚಿದರು. "ನೋಡಿ, ಒಂದು ನದಿಯಲ್ಲಿ ದೋಣಿ ಬಿಡೋಕೆ ದಡದ ದೇಶಗಳೆಲ್ಲ ಕೂತು ಒಂದು ಆಯೋಗ ಮಾಡ್ಕೊಂಡ್ವು. ಆಮೇಲೆ ಟೆಲಿಗ್ರಾಫ್ ತಂತಿಗೆ ಒಕ್ಕೂಟ, ಅಂಚೆಗೆ ಒಕ್ಕೂಟ. ಮೊದಲ ಮಹಾಯುದ್ಧ ಮುಗಿದ ಮೇಲೆ ರಾಷ್ಟ್ರಸಂಘ. ನಾವು ಮೂರು ಮನೆಯವರು ಕೂಡೋಕಾಗಲ್ವಾ?"

"ಅಷ್ಟೆಲ್ಲ ದೇಶಗಳು ಕೂತ್ವಾ?" ಕಂಡಕ್ಟರ ಮೀಸೆ ಇಳಿಯಿತು. ನರ್ಸಮ್ಮ ಸೊಂಟದ ಮೇಲಿನ ಕೈ ತೆಗೆದಳು.

ಅರ್ಧ ಗಂಟೆಯಲ್ಲಿ ಒಪ್ಪಂದ ಸಿದ್ಧ. ನಡುವಿನ ತಂತಿ ಮೂರು ಮನೆಗೂ ಸರದಿಯ ಮೇಲೆ. ಇವತ್ತಿನ ಸರದಿ ಮೇಷ್ಟ್ರ ಮನೆಯದು. ಪಕ್ಕದ ಕಟ್ಟಡದವರು ಹಾರಿ ಬಂದು ಬಟ್ಟೆ ಹಾಕಿಯಾರೆಂದು ಮೇಷ್ಟ್ರೇ ಮುತುವರ್ಜಿಯಿಂದ ಸೇರಿಸಿದರು: ಸದಸ್ಯರಲ್ಲದವರು ತಂತಿಯನ್ನೂ ಅದರ ಮೇಲಿನ ಬಟ್ಟೆಯನ್ನೂ ಮುಟ್ಟುವಂತಿಲ್ಲ.

"ಸಹಿ ಮಾತ್ರ ಬಟ್ಟೆ ಒಗೆಯೋರೇ ಹಾಕ್ಬೇಕು. ಕರವಸ್ತ್ರನೂ ಒಗೀದೋರ ಮಾತು ನಂಬಲ್ಲ," ಎಂದಳು ನರ್ಸಮ್ಮ, ಮೇಷ್ಟ್ರ ಮುಖ ನೋಡುತ್ತಾ.

"ಅದೇನು ದೊಡ್ಡದು, ನಮ್ಮವಳು ಹಾಕ್ತಾಳೆ," ಎಂದರು ಮೇಷ್ಟ್ರು. ಕಂಬಳಿ, ಹೊದಿಕೆ ಇಳಿದವು. ಅಂಗಿಗೆ ಬಿಸಿಲು ಬಿತ್ತು. ಮೇಷ್ಟ್ರು ಜಗತ್ತನ್ನೇ ಗೆದ್ದವರಂತೆ ಕೆಳಗಿಳಿದು, ಊಟ ಮಾಡಿ, ಹಾಯಾಗಿ ಗೊರಕೆ ಹೊಡೆದರು.

ಮೂರೂವರೆಗೆ ಮೇಲೆ ಹೋದರೆ ಹಳೆಯ ವೈರಿಗಳಿಬ್ಬರೂ ಒಂದೇ ಚಾಪೆಯ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ಅಂಗಿ ಹಪ್ಪಳದಂತೆ ಒಣಗಿತ್ತು. ಮೇಷ್ಟ್ರು ಕೈ ಚಾಚಿದರು.

"ಮುಟ್ಬೇಡಿ!" ಇಬ್ಬರೂ ಒಂದೇ ದನಿಯಲ್ಲಿ ಕೂಗಿದ ಸದ್ದಿಗೆ ಏಳು ಬೀದಿಯ ಕಾಗೆಗಳು ಹಾರಿದವು.

"ನನ್ನ ಅಂಗಿ ಕಣ್ರೀ!"

"ಇರ್ಬಹುದು ಸಾರ್," ಎಂದರು ಕಂಡಕ್ಟರು, ಟಿಕೆಟ್ಟಿಲ್ಲದವನನ್ನು ಹಿಡಿದಷ್ಟೇ ವಿನಯದಿಂದ. "ನಿಮ್ಮ ಮನೆ ಸಹಿ ಬಿದ್ದಿಲ್ವಲ್ಲ. ಸದಸ್ಯರಲ್ಲದವರು ಮುಟ್ಟೋ ಹಾಗಿಲ್ಲ. ನೀವೇ ಬರೆದದ್ದು."

"ಪಾಪ, ಎಷ್ಟು ಚೆನ್ನಾಗಿ ಬರ್ದಿದ್ದಾರೆ ಅಣ್ಣ," ಎಂದಳು ನರ್ಸಮ್ಮ.

ಕಂಡಕ್ಟರು ಅವಳ ಬಾಯಲ್ಲಿ ಅಣ್ಣನಾದದ್ದು ಅದೇ ಮೊದಲು. ಮೇಷ್ಟ್ರು ಮೂರು ಮೂರು ಮೆಟ್ಟಿಲು ಹಾರಿ ಮನೆಗೆ ಓಡಿದರು.

"ಒಂದು ಸಹಿ ಹಾಕೇ, ಮರ್ಯಾದೆ ಪ್ರಶ್ನೆ!"

ಹೆಂಡತಿ ತಲೆ ಎತ್ತಲಿಲ್ಲ. "ನನ್ನ ಕೇಳಿ ಮಾಡಿದ್ರಾ? ಇವತ್ತು ಸಹಿ ಹಾಕಿದ್ರೆ ನಾಳೆ ಅವರ ಜಗಳಕ್ಕೆಲ್ಲ ನನ್ನೇ ಎಳೀತಾರೆ. ನಾನು ಸೇರಲ್ಲ. ನೀವುಂಟು, ನಿಮ್ಮ ಶಾಂತಿಯುಂಟು."

ನಾಲ್ಕು ಗಂಟೆಗೆ ಆ ಸುಡುಬಿಸಿಲಿನಲ್ಲಿ ಮೇಷ್ಟ್ರು ಬನಿಯನ್ನಿನ ಮೇಲೆ ಮಳೆಕೋಟು ಹಾಕಿ, ಕತ್ತಿನವರೆಗೂ ಗುಂಡಿ ಬಿಗಿದು, ಸಭೆಯ ಕೊನೆಯ ಸಾಲಿನಲ್ಲಿ ಬೇಯುತ್ತಾ ಕೂತಿದ್ದರು. ವೇದಿಕೆಯ ಮೇಲೆ ಗಣಿತದವರು ಮೇಷ್ಟ್ರ ಭಾಷಣವನ್ನು ಮಗ್ಗಿಯಂತೆ ಒದರುತ್ತಿದ್ದರು: "ರಾಷ್ಟ್ರಸಂಘ ಬೇಕೆಂದು ಎಲ್ಲರಿಗಿಂತ ಮುಂದೆ ನಿಂತು ಹೋರಾಡಿದ ಅಧ್ಯಕ್ಷರ ದೇಶವೇ ಕೊನೆಗೆ ಅದನ್ನು ಸೇರಲಿಲ್ಲ."

ಹುಡುಗಿಯೊಬ್ಬಳು ಎದ್ದು ನಿಂತಳು. "ಯಾಕೆ ಸಾರ್?"

ಗಣಿತದವರು ಹಾಳೆ ತಿರುಗಿಸಿದರು. ಆಮೇಲೆ ಕೊನೆಯ ಸಾಲಿನತ್ತ ಕೈ ತೋರಿದರು. ಸಭೆಯೆಲ್ಲ ಹಿಂದೆ ತಿರುಗಿ ಮಳೆಕೋಟನ್ನು ನೋಡಿತು.

ಮೇಷ್ಟ್ರು ಬೆವರೊರೆಸಿಕೊಂಡು ಹೇಳಿದರು: "ಮನೇಲಿ ಒಪ್ಪಲಿಲ್ಲಮ್ಮ."