ಮಣ್ಣಿಲ್ಲದ ತಾರಸಿಯಲ್ಲಿ ಅತ್ತೆಯ ಸ್ಟ್ರಾಬೆರಿ

ಮೀನಿನ ಹೊಲಸಿನಿಂದ ಸ್ಟ್ರಾಬೆರಿ ಬೆಳೆಯುವ ಅತ್ತೆ ನಿಮ್ಮಲ್ಲಿ ಎಷ್ಟು ಜನರಿಗಿದ್ದಾರೆ? ಯಾರಿಗೂ ಇಲ್ಲವೇ? ಹಾಗಾದರೆ ಆ ಭಾಗ್ಯ ನನ್ನೊಬ್ಬಳದೇ!

ಗದಗಿನ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ನನ್ನ ಅತ್ತೆ, ಕೆಂಪಾಪುರದ ನಮ್ಮ ಬಾಡಿಗೆ ಮನೆಗೆ ಬಂದ ವಾರಕ್ಕೇ ತಾರಸಿಯ ಮೇಲೆ ಕಣ್ಣು ಹಾಕಿದರು. ಕುಂಡ ತರಿಸುವ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಕೆಳಗಿನ ಓನರ್ ಓಡಿಬಂದರು.

"ಮೇಲೆ ಮಣ್ಣು ಗಿಣ್ಣು ಹಾಕ್ಬೇಡಿ ಅಮ್ಮಾ, ಸೋರುತ್ತೆ."

"ಮಣ್ಣ ಹಾಕೂದಿಲ್ರೀ," ಎಂದರು ಅತ್ತೆ.

ಹಾಕಲಿಲ್ಲ ಕೂಡ! ನೀಲಿ ಡ್ರಮ್ಮಿನಲ್ಲಿ ಹದಿನೈದು ಗೋಲ್ಡ್ ಫಿಶ್ ಬಿಟ್ಟರು. ಆ ನೀರನ್ನು ಪುಟ್ಟ ಪಂಪು ಮೇಲೆತ್ತಿ, ಜಲ್ಲಿಕಲ್ಲು ತುಂಬಿದ ಪೈಪುಗಳಿಗೆ ಹರಿಸುತ್ತದೆ. ಅಲ್ಲಿ ನೆಟ್ಟ ಸ್ಟ್ರಾಬೆರಿ ಗಿಡಗಳಿಗೆ ಮೀನಿನ ಹೊಲಸೇ ಗೊಬ್ಬರ. ತಿಳಿಯಾದ ನೀರು ಮತ್ತೆ ಡ್ರಮ್ಮಿಗೆ. ಓನರ್ ಬಗ್ಗಿ, ಪೈಪಿನೊಳಗೆ ಬೆರಳಾಡಿಸಿ ಮಣ್ಣು ಹುಡುಕಿದರು. ಸಿಗಲಿಲ್ಲ! "ಮೀನ್ ಬೇಡ ಅಂತ ನಾನು ಹೇಳೇ ಇರ್ಲಿಲ್ವಲ್ಲ..." ಎನ್ನುತ್ತಾ ಮೆಟ್ಟಿಲಿಳಿದರು.

ಅತ್ತೆ ದಿನಾ ಬೆಳಿಗ್ಗೆ ಮೀನುಗಳ ಹಾಜರಿ ತೆಗೆದುಕೊಳ್ಳುತ್ತಿದ್ದರು. ಹದಿನಾಲ್ಕೇ ಸಿಕ್ಕರೆ ನನ್ನ ಆಫೀಸು ಹಾಳಾಗಿ ಹೋಗಲಿ, ನಾನೂ ಎಣಿಸಬೇಕು!

ಡಿಸೆಂಬರಿನಲ್ಲಿ ಹೂವಾಯಿತು. ಮೂರನೇ ಮಹಡಿಗೆ ಜೇನುನೊಣ ಎಲ್ಲಿಂದ ಬರಬೇಕು? ಅದೇ ಹೊತ್ತಿಗೆ ನಾನು ಕೆನ್ನೆಗೆ ಬಣ್ಣ ಹಚ್ಚುವ ಬ್ರಶ್ ಮಾಯವಾಯಿತು.

"ಅತ್ತೆ, ನನ್ನ ಬ್ರಶ್ ನೋಡಿದ್ರಾ?"

"ಪರಾಗಸ್ಪರ್ಶಕ್ಕ ಬೇಕಾಗಿತ್ತು. ನಿನಗ ಮದುವಿ ಆಗೇದ, ಹೂವಿಗೆ ಇನ್ನೂ ಆಗಬೇಕು!"

ಕಾಯಿ ಕೆಂಪಾಗುತ್ತಲೇ ಹಕ್ಕಿಗಳು ಬಂದವು. ಅತ್ತೆ ಮನೆಯ ಚಹಾ ಸೋಸುವ ಜರಡಿಗಳನ್ನೆಲ್ಲ ಒಯ್ದು ಒಂದೊಂದು ಹಣ್ಣಿಗೂ ಟೊಪ್ಪಿಗೆಯಂತೆ ಕಟ್ಟಿದರು. ಹದಿನೈದು ದಿನ ನಾವು ಚಹಾ ಕುಡಿಯಲಿಲ್ಲ, ಅಗಿದೆವು!

ಅಷ್ಟರಲ್ಲಿ ನನಗೆ ಟೈಫಾಯಿಡ್ ಬಂತು. ಗಂಡ ಕೆಲಸದ ಮೇಲೆ ಪರವೂರಿನಲ್ಲಿದ್ದರು. ಅತ್ತೆಯೇ ಹಣೆಗೆ ಒದ್ದೆಬಟ್ಟೆ ಹಾಕುತ್ತಾ ಕೂತರು. ಒಂದು ಮಧ್ಯಾಹ್ನ ಜ್ವರ ವಿಪರೀತ ಏರಿತ್ತು. ಫ್ಯಾನು ನಿಂತಿತು. ಕರೆಂಟ್ ಹೋದರೆ ಪಂಪೂ ನಿಲ್ಲುತ್ತದೆ. ಡ್ರಮ್ಮಿನ ಮೀನುಗಳಿಗೆ ಉಸಿರು ಕಟ್ಟುತ್ತದೆ. ಯಾರಾದರೂ ಚೆಂಬಿನಲ್ಲಿ ನೀರು ಎತ್ತಿ ಎತ್ತಿ ಸುರಿಯುತ್ತಲೇ ಇರಬೇಕು.

"ಅತ್ತೆ, ಮೀನು..." ಎಂದೆ.

"ನೀ ಸುಮ್ಮನ ಮಲ್ಕೋ," ಎಂದು ಬಟ್ಟೆ ಹಿಂಡಿ ಮತ್ತೆ ಹಣೆಗೆ ಹಾಕಿದರು.

ಕರೆಂಟ್ ಬರುವಾಗ ಸಂಜೆಯಾಗಿತ್ತು. ಅಷ್ಟು ಹೊತ್ತೂ ಅವರು ನನ್ನ ಪಕ್ಕದಿಂದ ಏಳಲಿಲ್ಲ.

ಜ್ವರ ಇಳಿದ ಮೇಲೆ ಓನರ್ ಬಾಯಿಂದ ಗೊತ್ತಾಯಿತು: ಅಂದು ಹನ್ನೊಂದು ಮೀನು ಸತ್ತಿದ್ದವು. ಅತ್ತೆ ನನ್ನ ಮುಂದೆ ಒಂದು ಮಾತೂ ಆಡಿರಲಿಲ್ಲ.

"ನನ್ನಿಂದ ನಿಮ್ಮ ಮೀನು ಹೋದ್ವು ಅತ್ತೆ," ಎಂದೆ.

"ಗುಳಿಗಿ ತಗೊಂಡಿಯೇನು? ಬಾಯಿ ತೆರಿ."

ತೆರೆದೆ. ಬಿಸಿನೀರಿನಲ್ಲಿ ತೊಳೆದ ಒಂದು ಹಣ್ಣನ್ನು ಬಾಯಿಗಿಟ್ಟರು. ಎಷ್ಟೋ ದಿನದಿಂದ ಕಹಿ ಬಿಟ್ಟು ಬೇರೇನೂ ತಿಳಿಯದ ನಾಲಿಗೆಗೆ ಚುರ್ರೆಂದು ಹುಳಿ ತಾಕಿತು. ಕಣ್ಣಲ್ಲಿ ನೀರು ಬಂತು.

"ಹುಳಿ ಅದ ಏನು?" ಅತ್ತೆಯ ಮುಖದಲ್ಲಿ ಗಾಬರಿ.

"ಇಲ್ಲ ಅತ್ತಿ," ಎಂದೆ ಯಲಹಂಕದಲ್ಲೇ ಹುಟ್ಟಿ ಬೆಳೆದ ನಾನು, "ಭಾಳ ಛಲೋ ಅದ."