ಹರಕು ಕೋಟಿನವರು ನಮ್ಮವರು

ಎಲ್ಲಕ್ಕೂ ಕಾರಣ ಒಂದು ಗೇಣುದ್ದದ ಕೆಂಪು ಚೀಟಿ. ಸ್ವಾತಂತ್ರ್ಯ ಬಂದು ಐವತ್ತು ವರ್ಷವಾಯಿತೆಂದು ತೇನಿ ಪಟ್ಟಣದ ಟಾಕೀಸಿನವನೊಬ್ಬ ಹಳೆಯ ಇಂಗ್ಲಿಷ್ ಚಿತ್ರವೊಂದನ್ನು ತರಿಸಿದ್ದ. ಐರ್ಲೆಂಡಿನ ಬಂಡಾಯಗಾರರು ಬ್ರಿಟಿಷರ ಮೇಲೆ ತಿರುಗಿಬಿದ್ದ ಕತೆ. ನೋಡಲು ಒಂದು ನೊಣವೂ ಬರಲಿಲ್ಲ. ಪೋಸ್ಟರಿನ ಬಂದೂಕಿನ ಮೇಲೆ ‘ವಯಸ್ಕರಿಗೆ ಮಾತ್ರ’ ಎಂಬ ಚೀಟಿ ಅಂಟಿಸಿದ, ಟಾಕೀಸು ತುಂಬಿತು.

ಹನುಮಂತನಪಟ್ಟಿಯ ದುರೈ ಆ ಚೀಟಿಯನ್ನು ನೋಡಲೇ ಇಲ್ಲ. ಚರಿತ್ರೆಯಲ್ಲಿ ಬಿ.ಎ. ಮಾಡಿದವನು, ಮಾತು ಕಡಿಮೆ. ಬೆಳಗಿನ ಆಟ ಮುಗಿಸಿ, ಗಲ್ಲಿಗೇರಿದವರಿಗಾಗಿ ಕಣ್ಣು ಒದ್ದೆ ಮಾಡಿಕೊಂಡು ಊರಲ್ಲಿ ಬಸ್ಸಿಳಿದರೆ, ಸುದ್ದಿ ಅವನಿಗಿಂತ ಮುಂಚಿನ ಬಸ್ಸಿನಲ್ಲೇ ಇಳಿದಿತ್ತು. ಹೊತ್ತು ತಂದವಳು ಪಕ್ಕದ ಮನೆಯ ಪೊನ್ನುತಾಯಿ.

“ಕೆಟ್ಟ ಸಿನ್ಮಾ ಪಡಕ್ಕೆ ಓಗವ್ನೆ! ಟಿಕೆಟ್ಟಿಗೆ ನಿಂತಿದ್ದ, ಬಾಯಿಬಿಟ್ಕೊಂಡು!”

ಶುಕ್ರವಾರ ಸರಣ್ಯಾಳೊಂದಿಗೆ ಅವನ ನಿಶ್ಚಿತಾರ್ಥ. ಅವಳಪ್ಪ ಮುತ್ತಯ್ಯ ಊರಿನ ನಾಟ್ಟಾಮೆ; ಊರ ನ್ಯಾಯ ತೀರಿಸುವವನು. ದ್ರಾಕ್ಷಿ ತೋಟದಲ್ಲಿ ಔಷಧಿ ಹೊಡೆಸುತ್ತಿದ್ದವನು ದುರೈಯನ್ನೂ ಹುಳುವಿನಂತೆಯೇ ನೋಡಿದ.

“ನಿಶ್ಚಯ ಇಲ್ಲ, ಒಂದೂ ಇಲ್ಲ. ನಡಿ.”

ದುರೈಗೆ ಮೈ ಉರಿಯಿತು. “ಮಾಮಾ, ಅದು ದೇಶಕ್ಕೋಸ್ಕರ ಪ್ರಾಣ ಕೊಟ್ಟೋರ ಕತೆ!”

“ಪ್ರಾಣ ಕೊಡೋದ್ನ ನೋಡಕ್ಕೆ ವಯಸ್ಕರೇ ಯಾಕೆ ಬೇಕು?”

“ನೀವೇ ಬಂದು ನೋಡಿ. ಒಂದೇ ಒಂದು ಅಸಿಂಗ, ಹೊಲಸು ಕಂಡ್ರೆ ನಾನೇ ಊರು ಬಿಡ್ತೀನಿ.”

ಮುತ್ತಯ್ಯ ತಲೆಗೆ ಟವೆಲು ಹೊದ್ದು, ಸಂತೆಗೆ ಹೊರಟ ಮುದುಕಿಯಂತೆ ಮಧ್ಯಾಹ್ನದ ಆಟಕ್ಕೆ ಬಂದ. ಕತ್ತಲಲ್ಲೂ ಟವೆಲು ತೆಗೆಯಲಿಲ್ಲ.

“ಎಲ್ಲಾ ಬೆಳ್ಳಗವ್ರೆ. ಯಾರಪ್ಪಾ ನಮ್ಮೋರು?”

“ಹರಕು ಕೋಟು ಹಾಕಿರೋರು, ಮಾಮಾ.”

ಅಷ್ಟು ಸಾಕಾಯಿತು. ಸುತ್ತಲಿನವರು ತಾವು ಬಂದದ್ದು ಯಾವುದಕ್ಕೋ ಅದು ಬರಲಿಲ್ಲವೆಂದು ಸಿಳ್ಳೆ ಹೊಡೆಯುತ್ತಿದ್ದರೆ, ಮುತ್ತಯ್ಯ ಹರಕು ಕೋಟುಗಳಿಗಾಗಿ ಮುಷ್ಟಿ ಬಿಗಿದು ಕೂತಿದ್ದ. ಹುಲ್ಲಿನ ಗಾಡಿಯಲ್ಲಿ ಬಂದೂಕು ಸಾಗಿಸುವ ಇಬ್ಬರು ಗೆಳೆಯರನ್ನು ಸಿಪಾಯಿಗಳು ತಡೆದರು. ಒಬ್ಬ ತಕ್ಷಣ ಇನ್ನೊಬ್ಬನ ಕುತ್ತಿಗೆಪಟ್ಟಿ ಹಿಡಿದು, ಇವನನ್ನು ಹಿಡಿಯಲೆಂದೇ ಜೊತೆ ಬಂದೆ ಎಂದುಬಿಟ್ಟ. ದುರೈ ಕಿವಿಯಲ್ಲಿ ಅರ್ಥ ಹೇಳಿದ್ದೇ ತಡ, ಮುತ್ತಯ್ಯ ಬೆಂಚಿನ ಮೇಲೆ ಎದ್ದು ನಿಂತ.

“ದ್ರೋಹಿ! ಜೊತೇಲಿ ಬಂದೋನ್ನೇ ಸಿಪಾಯಿಗಳಿಗೆ ಕಾಟ್ಟಿಕೊಡ್ತೀಯಾ? ಗಂಡಸೇನ್ಲಾ ನೀನು?”

ಟವೆಲಿನಿಂದ ಕಣ್ಣೊರೆಸಿಕೊಂಡು ದುರೈಯ ಕೈ ಹಿಡಿದ. “ಮನ್ನಿಸು ಮಾಪ್ಳೆ, ನೀನೇ ನನ್ನ ಅಳಿಯ. ಸೊಕ್ಕತಂಗ ಪಡ, ಅಪರಂಜಿ ಚಿನ್ನ. ಊರೆಲ್ಲಾ ಕೂಡಿಸಿ ನಾನೇ ಹೇಳ್ತೀನಿ. ನಡಿ, ಆಟ ಬಿಟ್ರೆ ಜನ ನೋಡ್ತಾರೆ, ಈಗ್ಲೇ ಓಗೋಣ.”

ಹೊರಗೆ ಬಂದರು. ಜಾತ್ರೆಯಲ್ಲಾದರೆ ಯಾರಿಗೂ ಕಾಣುತ್ತಿರಲಿಲ್ಲ; ಆ ಖಾಲಿ ಅಂಗಳದಲ್ಲಿ ಇಬ್ಬರೂ ಬೋಳು ಬೆಟ್ಟದ ಮೇಲಿನ ಎರಡು ಮರಗಳಂತೆ ಕಂಡರು. ಎದುರಿಗೆ ಪೊನ್ನುತಾಯಿ, ಮುತ್ತಯ್ಯನ ಹೆಂಡತಿ ಚಿನ್ನಮ್ಮಾಳಿಗೆ ಸಾಕ್ಷಿಯೆಂದು ಪೋಸ್ಟರಿನ ಕೆಂಪು ಚೀಟಿ ತೋರಿಸುತ್ತಿದ್ದಳು.

ಚಿನ್ನಮ್ಮಾಳ್ ತಿರುಗಿದಳು. “ನೀವಾ? ಈ ವಯಸ್ಸಿಗಾ?”

ಮುತ್ತಯ್ಯನ ಕೈ ತಾನಾಗಿ ಮೇಲೆದ್ದು ದುರೈಯ ಕಾಲರು ಹಿಡಿಯಿತು.

“ಇವನ್ನ ಹಿಡಿಯಕ್ಕೇ ಒಳಗೆ ಓಗಿದ್ದೆ ಕಣೇ! ಬೆಳಿಗ್ಗೆ ನೋಡಿದ್ದು ಸಾಲ್ದು ಅಂತ ಮತ್ತೆ ಬಂದವ್ನೆ ನಾಯಿ! ನಿಶ್ಚಯ ಮುರೀತು, ಹೇಳ್ಬಿಟ್ಟೆ!”

“ಅಂಗೆ ಹೇಳಿ, ಅಣ್ಣಾ,” ಅಂದಳು ಪೊನ್ನುತಾಯಿ, ತೃಪ್ತಿಯಿಂದ.

ದುರೈ ಕಾಲರು ಬಿಡಿಸಿಕೊಂಡು ಬಸ್ ನಿಲ್ದಾಣದ ಕಡೆ ನಡೆದ.

ವಾಪಸು ಬಸ್ಸಿನಲ್ಲಿ ಹೆಂಗಸರು ಮುಂದೆ ಕೂತರು. ಅರ್ಧ ದಾರಿಯಲ್ಲಿ ಹಿಂದಿನ ಸೀಟಿನಿಂದ ಟವೆಲು ಹೊದ್ದ ತಲೆಯೊಂದು ದುರೈಯ ಕಿವಿಯ ಹತ್ತಿರ ಬಂತು.

“ಮಾಪ್ಳೆ... ಮುಗಿಯೋಕೆ ಮುಂಚೆ ಎದ್ದು ಬಂದ್ಬಿಟ್ವಲ್ಲಾ. ಆ ದ್ರೋಹಿಗೆ ಕಡೇಲಿ ಏನಾಯ್ತು?”

ದುರೈ ಕಿಟಕಿಯಾಚೆಯೇ ನೋಡುತ್ತಿದ್ದ.

“ಏನೂ ಆಗ್ಲಿಲ್ಲ ಮಾಮಾ. ಅವನ್ನೇ ಊರಿನ ನಾಟ್ಟಾಮೆ ಮಾಡಿದ್ರು.”